ಹುಬ್ಬಳ್ಳಿ ರೈಲ್ವೆ ಮ್ಯೂಸಿಯಂ: ಹೋಗುವವರಿಗೆ ಒಂದಿಷ್ಟು ಮಾಹಿತಿ

ಹುಬ್ಬಳ್ಳಿ ಸ್ಟೇಷನ್‌ನಲ್ಲಿ ಇಳಿದವರು ಸಾಮಾನ್ಯವಾಗಿ ಮುಂಬಾಗಿಲಿನಿಂದ ಊರೊಳಗೆ ಹೋಗಿಬಿಡುತ್ತಾರೆ. ಮ್ಯೂಸಿಯಂ ಇರುವುದು ಗದಗ ರಸ್ತೆ ಕಡೆಯ ಎರಡನೇ ಪ್ರವೇಶದ ಹತ್ತಿರ, ರೈಲ್ವೆ ಆಸ್ಪತ್ರೆ ಎದುರು. ಸೋಮವಾರ ರಜೆ. ನಾವು ಹೋದಾಗ ಮಧ್ಯಾಹ್ನ 12ಕ್ಕೆ ತೆರೆಯುತ್ತಿತ್ತು. ಹೊರಡುವ ಮೊದಲು ಒಮ್ಮೆ ವಿಚಾರಿಸಿಕೊಳ್ಳಿ. ಬೆಂಗಳೂರಿನಿಂದ ಬೆಳಗಿನ ವಂದೇ ಭಾರತ್ ಹಿಡಿದು ಬಂದು ಅದೇ ಗಾಡಿಗೆ ವಾಪಸಾಗುವ ಲೆಕ್ಕ ಹಾಕಬೇಡಿ, ಸಮಯ ಸಾಲುವುದಿಲ್ಲ.

2020ರ ಆಗಸ್ಟ್‌ನಲ್ಲಿ ಶುರುವಾದ ಈ ಮ್ಯೂಸಿಯಂಗೆ ಮನೆ ಮಾಡಿಕೊಟ್ಟಿರುವುದು 1907ರ ಎರಡು ರೈಲ್ವೆ ಕಾಟೇಜ್‌ಗಳು. ಹೆಸರು ಮಲಪ್ರಭಾ, ಘಟಪ್ರಭಾ. ಮಕ್ಕಳು ಗೇಟು ದಾಟಿದ ಕೂಡಲೇ ಪುಟಾಣಿ ರೈಲಿನ ಕಡೆ ಎಳೆಯುತ್ತಾರೆ. ಅದನ್ನೂ ಹೊರಗಿನ ನ್ಯಾರೋಗೇಜ್ (ಕಿರಿದಾದ ಹಳಿಯ) ಗಾಡಿಗಳನ್ನೂ ಬಿಸಿಲು ಇಳಿದ ಮೇಲೆ ನೋಡಿ. ಮೊದಲು ಈ ಎರಡು ಮನೆಗಳೊಳಗೆ ಹೋಗಿ.

ಒಂದು ಮಾತು ಒತ್ತಿ ಹೇಳುತ್ತೇನೆ: ರೈಲ್ವೆಯಲ್ಲಿ ದುಡಿದ ಹಿರಿಯರು ಮನೆಯಲ್ಲಿದ್ದರೆ ಅವರನ್ನು ಕರೆದುಕೊಂಡೇ ಹೋಗಿ. ವಸ್ತುವಿನ ಹೆಸರು ಫಲಕದಲ್ಲಿ ಸಿಗುತ್ತದೆ. ಅದನ್ನು ಕೈಯಲ್ಲಿ ಹಿಡಿದು ಕೆಲಸ ಮಾಡಿದ್ದು ಹೇಗೆ ಎಂಬುದು ಅವರ ಬಾಯಲ್ಲೇ ಕೇಳಬೇಕು. ನಮ್ಮ ಜೊತೆ ಬಂದಿದ್ದ ದೊಡ್ಡಪ್ಪ ಟೋಕನ್ ಯಂತ್ರದ ವಿಷಯ ತೆಗೆದು ಮಕ್ಕಳನ್ನು ಸುತ್ತ ನಿಲ್ಲಿಸಿಕೊಂಡರು. ಒಂಟಿ ಹಳಿಯ ಮೇಲೆ ಎದುರುಬದುರು ಗಾಡಿ ಬರಬಾರದಲ್ಲ? ಎರಡು ಸ್ಟೇಷನ್‌ಗಳಲ್ಲಿ ತಂತಿಯಿಂದ ಜೋಡಿಸಿದ ಜೋಡಿ ಯಂತ್ರ ಇರುತ್ತಿತ್ತು. ಈ ಕಡೆ ಟೋಕನ್, ಅಂದರೆ ಒಂದು ಲೋಹದ ಗುಂಡು, ಹೊರಬಂದರೆ, ಅದು ಮುಂದಿನ ಸ್ಟೇಷನ್‌ನ ಯಂತ್ರಕ್ಕೆ ಸೇರುವವರೆಗೆ ಇನ್ನೊಂದು ಎರಡೂ ಕಡೆ ಬರುವಂತಿಲ್ಲ. ಆ ಗುಂಡನ್ನು ಚೀಲಕ್ಕೆ ಹಾಕಿ, ದೊಡ್ಡ ಬಳೆಯಂಥ ಹಿಡಿಕೆಗೆ ಕಟ್ಟಿ, ಓಡುವ ಗಾಡಿಯ ಡ್ರೈವರ್ ತೋಳಿಗೆ ಸಿಗುವಂತೆ ಎತ್ತಿ ಹಿಡಿಯುತ್ತಿದ್ದರು. "ಗುಂಡು ಕೈಗೆ ಸಿಗದ ಹೊರತು ಗಾಡಿ ಮುಂದ ಹೋಗಂಗಿಲ್ಲಪಾ" ಎಂದು ದೊಡ್ಡಪ್ಪ ತೋಳು ಚಾಚಿ ತೋರಿಸಿದರು. ಮಕ್ಕಳಿಗೆ ಪುಟಾಣಿ ರೈಲು ಮರೆತೇಹೋಯಿತು.

ಹೋಗುವ ಮುನ್ನ ಇಷ್ಟು ತಿಳಿದಿರಲಿ. 1876-78ರ ಭೀಕರ ಬರದ ನಂತರ, ಬರಪೀಡಿತ ಸೀಮೆಗೆ ಧಾನ್ಯ ಸಾಗಿಸಲು ಹಳಿ ಬೇಕೆಂಬ ಒತ್ತಾಯದಿಂದ ಹುಟ್ಟಿದ್ದು ಸದರ್ನ್ ಮರಾಠಾ ರೈಲ್ವೆ. ಅದು ಮೀಟರ್‌ಗೇಜ್. ಹುಬ್ಬಳ್ಳಿ ವರ್ಕ್‌ಶಾಪ್ 1885ರದ್ದು. ಹತ್ತಿ ವ್ಯಾಪಾರದ ಈ ಊರನ್ನು ರೈಲ್ವೆ ಊರನ್ನಾಗಿ ಮಾಡಿದ್ದು ಅದೇ. ಮೀಟರ್‌ಗೇಜ್ ಎಂದರೆ ಹಳಿಗಳ ನಡುವೆ 1000 ಮಿ.ಮೀ., ಇಂದಿನ ಬ್ರಾಡ್‌ಗೇಜ್ 1676. ನ್ಯಾರೋಗೇಜ್ ಇವೆರಡಕ್ಕಿಂತಲೂ ಕಿರಿದು. ಹೊರಗಿರುವ ಆ ಗಾಡಿಯ ಪಕ್ಕ ನಿಂತಾಗ ಈ ಲೆಕ್ಕ ನೆನಪಿಸಿಕೊಂಡರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಊಟ ಮುಗಿಸಿಕೊಂಡೇ ಒಳಗೆ ಹೋಗಿ. ಚಹಾಕ್ಕೆ ಅಲ್ಲೇ ಕ್ಯಾಂಟೀನ್ ಇದೆ. ಹಿರಿಯರಿದ್ದರೆ ಕೊಡೆ, ನೀರು ಮರೆಯಬೇಡಿ. ಮೂರು ತಾಸು ಇಟ್ಟುಕೊಳ್ಳಿ. ಸಂಜೆ ಗಾಡಿಗೆ ಇನ್ನೂ ಹೊತ್ತಿದ್ದರೆ ಸ್ಟೇಷನ್‌ನ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ನೋಡಿ, ಜಗತ್ತಿನಲ್ಲೇ ಅತಿ ಉದ್ದದ್ದು. ಆದರೆ ಲಗೇಜ್ ಹೊತ್ತು ಅದರ ತುದಿಯವರೆಗೆ ನಡೆಯುವ ಉಮೇದು ಬೇಡ.