ಆ ಹಡಗು ನಿಜವಾಗಿಯೂ ಹಾಗೇ ಇತ್ತಾ?

ಹಡಗುಗಳ ಚಿತ್ರ ಅಂದರೆ ನನಗೆ ಹುಚ್ಚು. ಅದು ಗೊತ್ತಿರುವವರೆಲ್ಲ ಕೇಳುವ ಪ್ರಶ್ನೆ ಒಂದೇ: "ಆ ಹಡಗು ನಿಜವಾಗಿಯೂ ಹಾಗೇ ಇತ್ತಾ?" ಜಾಸ್ತಿ ಸಲ ಇದು ಬರುವುದು ಇಂಗ್ಲೆಂಡಿನ ಚಿತ್ರಕಾರ ಟರ್ನರ್ 1839ರಲ್ಲಿ ಪ್ರದರ್ಶಿಸಿದ 'ಫೈಟಿಂಗ್ ಟೆಮರೇರ್' ನೋಡಿದ ಮೇಲೆ. ಬಿಳಿಚಿಕೊಂಡ ದೊಡ್ಡ ಯುದ್ಧನೌಕೆ, ಮುಂದೆ ಅದನ್ನು ಎಳೆಯುವ ಕಪ್ಪು ಟಗ್ (ದೊಡ್ಡ ಹಡಗುಗಳನ್ನು ಎಳೆಯುವ ಸಣ್ಣ ಉಗಿದೋಣಿ), ಬಲಗಡೆ ಮುಳುಗುತ್ತಿರುವ ಸೂರ್ಯ.

ಹಾಗೆ ಇರಲಿಲ್ಲ. ಟೆಮರೇರ್ 98 ಫಿರಂಗಿಗಳ ಹಡಗು, 1805ರ ಟ್ರಫಾಲ್ಗರ್ ಸಮುದ್ರ ಕದನದಲ್ಲಿ ಕಾದಾಡಿತ್ತು. 1838ರ ಸೆಪ್ಟೆಂಬರಿನಲ್ಲಿ ಒಡೆದು ಹಾಕಲೆಂದು ಥೇಮ್ಸ್ ನದಿಯಲ್ಲಿ ಎಳೆದೊಯ್ಯುವ ಹೊತ್ತಿಗೆ ಅದರ ಹಾಯಿಕಂಬಗಳನ್ನು ಕಿತ್ತಾಗಿತ್ತು. ಎಳೆದದ್ದು ಎರಡು ಟಗ್. ಟರ್ನರ್ ಕಂಬಗಳನ್ನು ವಾಪಸ್ ನಿಲ್ಲಿಸಿದ, ಒಂದು ಟಗ್ ಬಿಟ್ಟುಬಿಟ್ಟ. ಇಷ್ಟು ಹೇಳಿದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. "ಹಾಗಾದ್ರೆ ಸುಳ್ಳು ಚಿತ್ರ ಅಲ್ವಾ?"

ನನಗೆ ಹಾಗನ್ನಿಸುವುದಿಲ್ಲ. ಚಿತ್ರ ಯಾರಿಗಾಗಿ ಬರೆದದ್ದು ಅಂತ ಮೊದಲು ನೋಡಬೇಕು. ಬಂದರುಗಳಲ್ಲಿ ಕ್ಯಾಪ್ಟನ್‌ಗಳಿಗೆ ಅವರವರ ಹಡಗಿನ ಚಿತ್ರ ಬರೆದುಕೊಡುವ ಕಲಾವಿದರಿದ್ದರು. ಅಲ್ಲಿ ಒಂದು ಹಗ್ಗ ತಪ್ಪಿದರೂ ಕ್ಯಾಪ್ಟನ್ ಕಣ್ಣಿಗೆ ಬೀಳುತ್ತಿತ್ತು. ಟರ್ನರ್ ಬರೆದದ್ದು ಅಂಥವರಿಗಲ್ಲ.

ಕರಾರುವಾಕ್ಕು ಬೇಕು ಅನ್ನುವವರಿಗೆ ನಾನು ತೋರಿಸುವುದು ಡಚ್ಚರ ಚಿತ್ರಕಾರ ವಿಲೆಮ್ ವಾನ್ ಡೆ ವೆಲ್ಡೆಯನ್ನು. ಅಪ್ಪ ಮಗ ಇಬ್ಬರಿಗೂ ಇದೇ ಹೆಸರು, ನಾನು ಹೇಳುತ್ತಿರುವುದು ಅಪ್ಪನನ್ನು. ಈತ ಸಣ್ಣ ದೋಣಿಯಲ್ಲಿ ಸೀದಾ ಕದನದ ಹತ್ತಿರವೇ ಹೋಗಿ ಕೂತು ಗೀಚುತ್ತಿದ್ದ. ಡಚ್ಚರಿಗೂ ಇಂಗ್ಲಿಷರಿಗೂ ನಡೆದ 1653ರ ಟೆರ್ ಹೈಡೆ ಕದನದ ಅವನ ಚಿತ್ರದಲ್ಲಿ ಆ ದೋಣಿಯೂ ಇದೆ, ಅದರಲ್ಲಿ ಗೀಚುತ್ತಾ ಕೂತ ಅವನೂ ಇದ್ದಾನೆ. ಮುಂದೆ ಅಪ್ಪ ಮಗ ಇಬ್ಬರೂ ಇಂಗ್ಲೆಂಡಿಗೆ ಹೋದರು. ರಾಜ ಎರಡನೇ ಚಾರ್ಲ್ಸ್ 1674ರಲ್ಲಿ ಇಬ್ಬರಿಗೂ ವರ್ಷಕ್ಕೆ 100 ಪೌಂಡ್ ಸಂಬಳ ಗೊತ್ತುಮಾಡಿದ. ಸಮುದ್ರ ಕದನಗಳ ರೇಖಾಚಿತ್ರ ಬರೆಯುವುದು ಅಪ್ಪನ ಕೆಲಸ, ಅದಕ್ಕೆ ಬಣ್ಣ ಕೊಡುವುದು ಮಗನ ಕೆಲಸ. ಎಂಥ ಚೆಂದದ ಏರ್ಪಾಡು!

ಆದರೆ ಹಗ್ಗ, ಕಂಬ ಲೆಕ್ಕ ಹಾಕುವ ಮೊದಲು ನಾನು ಹುಡುಕುವುದು ಗಾಳಿಯನ್ನು. ಅದು ಯಾವ ಕಡೆಯಿಂದ ಬೀಸುತ್ತಿದೆ? ಹಾಯಿ, ಅಲೆ, ಹೊಗೆ, ಹಡಗು ವಾಲಿದ ರೀತಿ, ಎಲ್ಲವೂ ಅದೇ ಗಾಳಿಗೆ ಒಪ್ಪುತ್ತವಾ? ಬಾವುಟ ನೋಡಿದರೆ ಬೇಗ ಗೊತ್ತಾಗುತ್ತದೆ. ಗಾಳಿ ಹಿಂದಿನಿಂದ ತಳ್ಳುವಾಗ ಹಾಯಿಹಡಗಿನ ಬಾವುಟ ಮುಂದಕ್ಕೆ ಹಾರಬೇಕು. ಸಮುದ್ರ ಗೊತ್ತಿಲ್ಲದವರು ಅದನ್ನು ಹಿಂದಕ್ಕೆ ಹಾರಿಸಿಬಿಡುತ್ತಾರೆ, ಓಡುವ ಕಾರಿನ ಮೇಲೆ ಕಟ್ಟಿದ ಬಾವುಟದ ಹಾಗೆ. ಈ ಒಂದು ತಪ್ಪು ಕಂಡರೆ ಮಿಕ್ಕಿದ್ದೆಲ್ಲ ಎಷ್ಟೇ ನಾಜೂಕಾಗಿದ್ದರೂ ನನಗೆ ಆ ಹಡಗು ತೇಲುತ್ತಿದೆ ಅನ್ನಿಸುವುದಿಲ್ಲ.

ಈಗ ಇನ್ನೊಮ್ಮೆ ಟೆಮರೇರ್ ನೋಡಿ. ಗಾಳಿಯೇ ಇಲ್ಲದ ಸಂಜೆ. ಹಾಯಿಗಳನ್ನು ಸುತ್ತಿ ಕಟ್ಟಿದೆ. ನೀರು ಕನ್ನಡಿಯ ಹಾಗಿದೆ, ಟಗ್‌ನ ಪ್ರತಿಬಿಂಬ ಅದರಲ್ಲಿ ಅಲ್ಲಾಡುತ್ತಿದೆ. ಟಗ್ ಮುಂದೆ ಸಾಗುತ್ತಿರುವುದರಿಂದ ಹೊಗೆ ಹಿಂದಕ್ಕೆ ಹರಿಯುತ್ತಿದೆ. ಹರಿದು, ಆ ದಿನ ಅಲ್ಲಿ ಇಲ್ಲವೇ ಇಲ್ಲದ ಹಾಯಿಕಂಬಗಳನ್ನು ಸವರಿಕೊಂಡು ಹೋಗುತ್ತಿದೆ.