ಎರಡು ದಿನದ ದುಡ್ಡು

ಕಿಲಿಮಂಜಾರೋ ಹತ್ತೋದು ಅಂತ ತೀರ್ಮಾನ ಮಾಡಿದ್ದು ಗಿರಿಗದ್ದೆಯಲ್ಲಿ. ಕುಮಾರ ಪರ್ವತ ಇಳಿದು ಅನ್ನ ಸಾರು ಉಣ್ಣುತ್ತಾ ಕೂತಿದ್ದೆವು. ಹೊಟ್ಟೆ ತುಂಬಿದಾಗ ಇಂಥ ತೀರ್ಮಾನ ಮಾಡಬಾರದು, ಆದರೆ ಆಗಿಹೋಯಿತು.

ತಾಂಜಾನಿಯಾದಲ್ಲಿ ಗೈಡ್ ಇಲ್ಲದೆ ಈ ಬೆಟ್ಟ ಹತ್ತುವ ಹಾಗಿಲ್ಲ. ಅದಕ್ಕೆ ಮೋಶಿ ಊರಿನ ಮೂರು ಕಂಪನಿಗಳಿಂದ ರೇಟ್ ತರಿಸಿದ್ದೆ. ಮರಂಗು ದಾರಿ, 5 ದಿನ. ಅದೇ ಎಲ್ಲಕ್ಕಿಂತ ಅಗ್ಗ. ಟೆಂಟಿನ ರಗಳೆಯೂ ಇಲ್ಲ, ಮಲಗೋಕೆ ಮರದ ಗುಡಿಸಲು. ಇನ್ನೇನು ಅಡ್ವಾನ್ಸ್ ಕಳಿಸಬೇಕು, ಜೊತೆಗೆ ಬರುವ ತಂಗಿ ಅಡ್ಡ ಬಂದಳು. ಅವಳು ನರ್ಸ್.

"ಅಣ್ಣಾ, ಇದ್ರಲ್ಲಿ ದುಡ್ಡು ಎಲ್ಲಿ ಉಳೀತು ಹೇಳು ನೋಡೋಣ?"

ನನಗೆ ಗೊತ್ತಿರಲಿಲ್ಲ. ಅವಳೇ ಬಿಡಿಸಿ ಹೇಳಿದಳು: ಅಲ್ಲಿನ ನ್ಯಾಷನಲ್ ಪಾರ್ಕಿನ ಫೀಸು ದಿನದ ಲೆಕ್ಕ. 7 ದಿನದ ದಾರಿಗಿಂತ ಎರಡು ದಿನ ಕಡಿಮೆ ಮಾಡಿದರೆ ರೇಟ್ ತಾನಾಗೇ ಇಳಿಯುತ್ತೆ.

ಹಳೇ ಕ್ಯಾಲೆಂಡರಿನ ಹಿಂದೆ ಅವಳು ಪೆನ್ಸಿಲ್‌ನಲ್ಲಿ ಗೆರೆ ಎಳೆದಳು. ಮರಂಗು ಗೇಟು ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿ ತುದಿಯಷ್ಟೇ ಎತ್ತರ, 1,900 ಮೀಟರ್ ಆಸುಪಾಸು. ಮೂರನೇ ದಿನ ಸಂಜೆಗೆ ಕಿಬೋ ಗುಡಿಸಲು, 4,700. ಅವತ್ತೇ ಮಧ್ಯರಾತ್ರಿ ಎದ್ದು 5,895 ಮೀಟರಿನ ತುದಿಗೆ ಹೊರಡಬೇಕು. ಅಲ್ಲಿ ಒಂದು ಉಸಿರಿಗೆ ಸಿಗೋ ಆಮ್ಲಜನಕ ಸಮುದ್ರ ದಡದಲ್ಲಿ ಸಿಗೋದರ ಅರ್ಧದಷ್ಟು. ಗೆರೆ ನೋಡಿದರೆ ಏಣಿ ಇಟ್ಟಂತಿತ್ತು.

ಪಕ್ಕದಲ್ಲೇ ಮಚಾಮೆ ದಾರಿಯ 7 ದಿನ ಬರೆದಳು. ಈ ಗೆರೆ ಏರಿ, ಇಳಿದು, ಮತ್ತೆ ಏರಿತು. ಮೂರನೇ ದಿನ ಲಾವಾ ಟವರ್ ಹತ್ತಿರ 4,600 ಮೀಟರಿನಲ್ಲಿ ಊಟ, ರಾತ್ರಿ ಮಲಗೋಕೆ 3,900ರ ಬರಾಂಕೋಗೆ ಇಳಿಯೋದು. ಹತ್ತಿದ್ದನ್ನು ಇಳಿಯೋಕೆ ಯಾಕೆ ದುಡ್ಡು ಕೊಡಬೇಕು ಅಂತ ನಾನು ಗೊಣಗಿದೆ. "ತೆಳು ಗಾಳಿಗೆ ಒಗ್ಗೋಕೆ ರಕ್ತಕ್ಕೆ ಟೈಮ್ ಬೇಡ್ವಾ?" ಅಂದಳು. ನಾನು ಸುಮ್ಮನಾದೆ. ಮಚಾಮೆಗೇ ಅಡ್ವಾನ್ಸ್ ಹೋಯಿತು.

ಇನ್ಶೂರೆನ್ಸಿನದು ಇನ್ನೊಂದು ಕಥೆ. ಏಜೆಂಟ್ "ಎಲ್ಲಾ ಕವರ್ ಆಗುತ್ತೆ ಸಾರ್" ಅಂದಿದ್ದರು. ಸಣ್ಣಕ್ಷರದಲ್ಲಿ ಎತ್ತರಕ್ಕೆ ಮಿತಿ ಹಾಕಿದ್ದರು, ಅದೂ ನಾವು ಹೋಗೋದಕ್ಕಿಂತ ಎಷ್ಟೋ ಕೆಳಗೆ. ಬೇರೆ ಪಾಲಿಸಿ ತಗೊಂಡೆವು.

ರಾತ್ರಿ ಬ್ಯಾಗ್ ತುಂಬಿ ತೂಕದ ಮೆಷಿನ್ ಮೇಲಿಟ್ಟೆ. 19 ಕೆಜಿ! ಒಬ್ಬ ಪೋರ್ಟರ್ ಹೊರಬಹುದಾದದ್ದು ಒಟ್ಟು 20, ಅದರಲ್ಲಿ ಅವನ ಸಾಮಾನೂ ಸೇರಿ. ನಮ್ಮ ಪಾಲು 15. ಎರಡನೇ ಜೀನ್ಸ್, ಟ್ರೈಪಾಡ್, ದಪ್ಪ ಟವೆಲ್ ಎಲ್ಲಾ ಆಚೆ ಬಂತು. ಬೂಟು ಹೇಗೂ ವಿಮಾನದಲ್ಲಿ ಕಾಲಲ್ಲೇ ಇರುತ್ತೆ. ಬ್ಯಾಗ್ ಕಳೆದರೆ ಮಿಕ್ಕಿದ್ದು ಬಾಡಿಗೆಗೆ ಸಿಕ್ಕೀತು, ಪಳಗಿದ ಬೂಟು ಸಿಗಲ್ಲ.

ಕೊನೆಗೆ ಮುಳ್ಳು 15ಕ್ಕೆ ನಿಂತಿತು. ಅಷ್ಟರಲ್ಲಿ ಅಮ್ಮ ಅಡುಗೆಮನೆಯಿಂದ ಚಟ್ನಿಪುಡಿ ಡಬ್ಬಿ ಹಿಡಿದುಕೊಂಡು ಬಂದರು. ಇಬ್ಬರೂ ಅದನ್ನು ನೋಡಿದೆವು. ತಂಗಿ ಏನೂ ಮಾತಾಡದೆ ನನ್ನ ಚಾರ್ಜರ್ ತೆಗೆದು ಪಕ್ಕಕ್ಕಿಟ್ಟಳು.