ಹಳೆಯ ಕಾರಿನ ಹೆಡ್‌ಲೈಟು

ಮಂಡ್ಯದಿಂದ ಪಾಂಡವಪುರದ ಕಡೆಗೆ ರಾತ್ರಿ ಹೋಗುವಾಗ, ಹಿಂಬದಿ ದೀಪವಿಲ್ಲದ ಕಬ್ಬಿನ ಗಾಡಿಗಳು ತೀರ ಹತ್ತಿರ ಬಂದ ಮೇಲಷ್ಟೇ ಕಾಣುತ್ತಿದ್ದುದರಿಂದ, ಅಪ್ಪನ ಹಳೆಯ ಕಾರಿನ ಹೆಡ್‌ಲೈಟನ್ನು ಕೊನೆಗೂ ಸರಿ ಮಾಡಿಸಿದೆ. ನಾನು ಕೇಳಿದ್ದು ಹೈ ಬೀಮಿಗೆ 100, ಲೋ ಬೀಮಿಗೆ 90, ಅಂದರೆ 100/90 ವ್ಯಾಟ್‌ನ ಬಲ್ಬು. ಆದರೆ ಎಲೆಕ್ಟ್ರಿಷಿಯನ್ ಮೀಟರ್ ಹಿಡಿದು, ಬ್ಯಾಟರಿಯ ವೋಲ್ಟೇಜು ಸವೆದ ಸ್ವಿಚ್ಚನ್ನೂ ಸಣ್ಣ ವೈರುಗಳನ್ನೂ ದಾಟಿ ಬಲ್ಬಿಗೆ ತಲುಪುವಷ್ಟರಲ್ಲಿ ಕುಸಿಯುತ್ತಿರುವುದನ್ನು ತೋರಿಸಿದರು. ಬ್ಯಾಟರಿಯಿಂದಲೇ ದಪ್ಪ ವೈರು ಎಳೆದು, ಫ್ಯೂಸು ಮತ್ತು ರಿಲೇ (ಸ್ವಿಚ್ಚಿನ ಸಣ್ಣ ಕರೆಂಟಿನಿಂದ ಬಲ್ಬಿನ ದೊಡ್ಡ ಕರೆಂಟನ್ನು ಹಾಯಿಸುವ ಸಾಧನ) ಕೂರಿಸಿದ ಮೇಲೆ, ಮೊದಲಿದ್ದ ಅದೇ 60/55 ವ್ಯಾಟ್‌ನ ಹ್ಯಾಲೊಜೆನ್ ಬಲ್ಬು ಹಳದಿ ಮಂಕು ಕಳೆದುಕೊಂಡು ಬೆಳಗಿತು. ಎದುರಿನವರ ಕಣ್ಣು ಕುಕ್ಕದಂತೆ, ಗೋಡೆಯ ಮುಂದೆ ನಿಲ್ಲಿಸಿ ಬೆಳಕಿನ ಎತ್ತರವನ್ನೂ ತಗ್ಗಿಸಿಕೊಟ್ಟರು. ನಿನ್ನೆ ರಾತ್ರಿ ನಾಲೆಯ ಏರಿಯ ಅಂಚು ದೂರದವರೆಗೂ ಸ್ಪಷ್ಟವಾಗಿ ಕಂಡಾಗ, ಈ ದಾರಿಯಲ್ಲಿ ಕಣ್ಣು ಕಿರಿದಾಗಿಸಿಕೊಂಡು ಓಡಾಡಿದ ಅಪ್ಪನಿಗೆ ಇದನ್ನು ಆಗಲೇ ಮಾಡಿಸಿಕೊಡಬಹುದಿತ್ತಲ್ಲ ಎಂದು ಮನಸ್ಸು ನೊಂದಿತು.